ಹಗುರ ಕಾರುಗಳ ತೂಕ

ಹಗುರದ ಸ್ಪೋರ್ಟ್ಸ್ ಕಾರಿನವರ ಹಿಂದೆ ಜೀಪು ಓಡಿಸುವ ಕರ್ಮ ಯಾರಿಗೂ ಬೇಡ. ಕೆಂಪು ಕಾರಿನವರೊಬ್ಬರು, ಬಿಳಿ ಕಾರಿನವರೊಬ್ಬರು. ಶಿಕಾರಿಪುರದಿಂದ ಸೊರಬದವರೆಗೆ ಓಡಿಸಿ ಯಾವುದು ಮೇಲು ಅಂತ ತೀರ್ಮಾನ ಮಾಡಲು ಬಂದಿದ್ದರು. ತೂಕ ಕಮ್ಮಿಯಾಗಲಿ ಅಂತ ಸ್ಟೆಪ್ನಿ, ಜಾಕು, ಬ್ಯಾಗು, ಕೊನೆಗೆ ನೀರಿನ ಬಾಟ್ಲಿಯನ್ನೂ ನನ್ನ ಬಾಡಿಗೆ ಜೀಪಿಗೆ ತುಂಬಿದ್ದರು.

ಶಿರಾಳಕೊಪ್ಪ ದಾಟಿದ ಮೇಲೆ ಒಂದು ಹಂಪು ಸಿಕ್ಕಿತು. ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡೂ ದಾಟುವ ಹಂಪು ಅದು. ಈ ಮಹಾಶಯರ ಕಾರುಗಳು ಒಂದಾದ ಮೇಲೊಂದು ಹೊಟ್ಟೆ ತಗುಲಿ ಅದರ ಮೇಲೇ ಸಿಕ್ಕಿಕೊಂಡವು. ಕುರಿ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರನ್ನು ಕರೆದೆ. ನಾವಿಬ್ಬರೂ ಹಿಂದಿನಿಂದ ಎತ್ತೆತ್ತಿ ನೂಕಿ ಎರಡನ್ನೂ ದಾಟಿಸಿದೆವು. ಕಾರಿನವರು ಕೈ ಕೊಳಕಾಗುತ್ತೆ ಅಂತ ದೂರ ನಿಂತು ಮೊಬೈಲಲ್ಲಿ ವಿಡಿಯೊ ಮಾಡುತ್ತಿದ್ದರು.

ಸಂತೆಯಲ್ಲಿ ಕುರಿಯನ್ನು ಎತ್ತಿ ನೋಡಿಯೇ ತೂಕ ಹೇಳುವ ಕೈ ಆ ಹಿರಿಯರದು. ಮಣ್ಣು ಕೊಡವಿಕೊಳ್ಳುತ್ತಾ, "ಕೆಂಪಂದು ಹಗುರ ಐತ್ರೀ," ಅಂದರು.

ಕೆಂಪು ಕಾರಿನವರ ಮುಖ ಮೊರದಗಲವಾಯಿತು. ಬಿಳಿ ಕಾರಿನವರು ಕೆರಳಿದರು. "ನನ್ನ ಕಾರಲ್ಲಿ ಪೆಟ್ರೋಲ್ ಫುಲ್ ಇದೆ ಯಜಮಾನ್ರೇ, ಅದಕ್ಕೇ ಭಾರ!"

"ನಮ್ ಸಂತೇಲಿ ಭಾರ ಬರ್ಲಿ ಅಂತ ಕುರಿಗೆ ನೀರು ಕುಡಿಸ್ತಾರ್ರೀ," ಅಂದರು ಹಿರಿಯರು. "ಹಗುರ ಅಂದಿದ್ದಕ್ಕೆ ಹಿಗ್ಗೋರನ್ನ ಇವತ್ತೇ ನೋಡಿದ್ದು."

ಅವರಿಬ್ಬರ ಸಾಮಾನನ್ನೆಲ್ಲ ಹೊತ್ತ ನನ್ನ ಹಳೇ ಜೀಪು ಆಮೇಲೆ ಅದೇ ಹಂಪನ್ನು ಸಲೀಸಾಗಿ ಹತ್ತಿ ಇಳಿಯಿತು. ಅದನ್ನು ಮಾತ್ರ ಯಾರೂ ವಿಡಿಯೊ ಮಾಡಲಿಲ್ಲ.