ಒಳಗೆ ಹಿಡಿ ಇಲ್ಲದ ಬಾಗಿಲು

ನಂಬುವವರು ನಂಬಿ, ಬಿಡುವವರು ಬಿಡಿ. ಸುಳ್ಳು ಹೇಳಿ ನನಗೆ ಆಗಬೇಕಾದ್ದು ಏನೂ ಇಲ್ಲ. ಇದು ನನ್ನ ಕಣ್ಣೆದುರೇ ನಡೆದದ್ದು, ಅದೂ ನನ್ನದೇ ಹಠದಿಂದ.

ಎಂಬತ್ತರ ದಶಕದ ಶುರು. ಕಾರ್ಕಳದಲ್ಲಿ ನನ್ನದೊಂದು ತಗಡಿನ ಶೆಡ್ಡು, ಹಳೇ ಜೀಪುಗಳ ಬಾಡಿ ಕೆಲಸ. ಕಾಪುವಿನ ಹಮೀದ್ ತನ್ನ ಮಿಲಿಟರಿ ಹರಾಜಿನ ಜೀಪು ತಂದಿದ್ದ. ಅವನಿಗೆ ದುಬೈಯಲ್ಲಿ ಡ್ರೈವರ್ ಕೆಲಸ ಸಿಕ್ಕಿತ್ತು. ವೀಸಾ ಬಂದಾಗಿತ್ತು, ಹೊರಡಲು ಹತ್ತೇ ದಿನ. ಅಷ್ಟರೊಳಗೆ ಜೀಪಿಗೆ ಹಿಂದಿನ ಬಾಗಿಲು ಕೂರಿಸಿ, ಬಾಡಿಗೆಗೆ ಓಡಿಸಲು ಭಾವನ ಕೈಗೆ ಕೊಡಬೇಕಿತ್ತು.

ಗುಜರಿಯಲ್ಲಿ ಎರಡು ಬಾಗಿಲು ಸಿಕ್ಕಿದವು. ಒಂದು ಚೈನಿನಲ್ಲಿ ಕೆಳಗಿಳಿಸುವ ಗಿಡ್ಡ ಹಲಗೆ. ಇನ್ನೊಂದು ಕಲ್ಲಿನ ಕೋರೆಯಲ್ಲಿ ಓಡುತ್ತಿದ್ದ ಜೀಪಿನ ಪೂರ್ತಿ ಎತ್ತರದ ಕಬ್ಬಿಣದ ಬಾಗಿಲು. ಅದರ ತಗಡು ಅಲ್ಲಲ್ಲಿ ಹೊರಕ್ಕೆ ಉಬ್ಬಿತ್ತು, ಹಿಮ್ಮಡಿಯಷ್ಟು ಅಗಲಕ್ಕೆ.

"ಅಣ್ಣ, ಇದನ್ನು ಒಳಗಿನಿಂದ ಯಾರೋ ಒದ್ದಿದ್ದಾರೆ ಅಲ್ವಾ? ನನಗೆ ಹಲಗೆಯೇ ಸಾಕು," ಎಂದ ಹಮೀದ್.

ನನಗೆ ಸಿಟ್ಟು ನೆತ್ತಿಗೇರಿತು. ಕೆಲಸ ನನ್ನದೋ ನಿನ್ನದೋ ಎಂದು ಬಾಯಿ ಮುಚ್ಚಿಸಿದೆ. ಸುತ್ತಿಗೆ ಹಿಡಿದು ಉಬ್ಬುಗಳನ್ನೆಲ್ಲ ಚಚ್ಚಿ ಸಪಾಟು ಮಾಡಿದೆ. ಒಳಗಿನ ಹಿಡಿಯನ್ನು ಮಕ್ಕಳು ತಿರುಗಿಸಿ ರಸ್ತೆಗೆ ಬಿದ್ದಾರು ಎಂದು ಅದನ್ನೂ ಕಡಿದು, ತೂತಿಗೆ ವೆಲ್ಡ್ ಹಾಕಿದೆ. ಜನ ತುಂಬಿಕೊಂಡು ಓಡುವ ಸರ್ವಿಸ್ ಜೀಪುಗಳಿಗೆ ನಾನು ಹಾಗೆಯೇ ಮಾಡುತ್ತಿದ್ದೆ.

ಕತ್ತಲಾದ ಮೇಲೆ ಹಿರಿಯಡ್ಕದ ಕಡೆಗೆ ಓಡಿಸಿ ನೋಡಲು ಇಬ್ಬರೇ ಹೊರಟೆವು. ನಾಲ್ಕು ಮೈಲಿ ಏನೂ ಸದ್ದಿಲ್ಲ. ಆಮೇಲೆ ಹಿಂದಿನಿಂದ... ಧಡ್.

ಬಾಗಿಲಿನ ಕೀಲು ಸಡಿಲ ಎಂದುಕೊಂಡೆ. ಮತ್ತೆ ಧಡ್... ಧಡ್... ಗುಂಡಿಯಿಲ್ಲದ ರಸ್ತೆಯಲ್ಲೂ. ಜೀಪು ನಿಲ್ಲಿಸಿದೆವು. ಬಡಿತ ನಿಲ್ಲಲಿಲ್ಲ. ಕೋರೆಯಲ್ಲಿ ಬಂಡೆ ಒಡೆಯುವ ಸಿಡಿಮದ್ದಿನ ವಾಸನೆ ಮೂಗಿಗೆ ಅಡರಿತು.

ಹಮೀದ್ ಹಿಂದೆ ಹೋಗಿ ಹೊರಗಿನ ಹಿಡಿ ತಿರುಗಿಸಿದ. ಬಾಗಿಲು ನಾಲ್ಕು ಬೆರಳು ತೆರೆಯಿತು. ಸಂದಿಗೆ ಬಲಗೈ ಹಾಕಿ ಎಳೆಯಲು ನೋಡಿದ. ಬಾಗಿಲು ಫಟ್ಟನೆ ಮುಚ್ಚಿತು. ಮೂಳೆ ಮುರಿದ ಸದ್ದು ನನಗೂ ಕೇಳಿಸಿತು. ತೆರೆಯಿತು, ಮತ್ತೆ ಅಪ್ಪಳಿಸಿತು. ಮೂರು ಸಲ. ಬಂಪರಿನ ಮೇಲೆ ರಕ್ತ ಸುರಿಯಿತು.

"ಕೈ ತೆಗಿ ಮಾರಾಯ!"

"ಆಗ್ತಾ ಇಲ್ಲ ಅಣ್ಣ... ಒಳಗೆ ಯಾರೋ ಹಿಡ್ಕೊಂಡಿದ್ದಾರೆ."

ಜಾಕಿನ ಲಿವರು ಸಂದಿಗೆ ತುರುಕಿ ಮೈಯ ಶಕ್ತಿಯನ್ನೆಲ್ಲ ಹಾಕಿ ಮೀಟಿದೆ. ಬಾಗಿಲು ಒಮ್ಮೆಲೇ ತೆರೆದುಕೊಂಡಿತು. ಟಾರ್ಚಿನ ಬೆಳಕು ಬಿಟ್ಟೆ. ಒಳಗೆ ನರಪಿಳ್ಳೆ ಇಲ್ಲ. ನಾನು ಸಪಾಟು ಮಾಡಿದ್ದ ಒಂದೊಂದು ಉಬ್ಬೂ ಅದೇ ಜಾಗದಲ್ಲಿ ಮತ್ತೆ ಎದ್ದಿತ್ತು.

ಬಾಗಿಲು ಹಾಕಿ, ಹಮೀದನನ್ನು ಮುಂದೆ ಕೂರಿಸಿ ಮಣಿಪಾಲಕ್ಕೆ ಹೊಡೆದೆ. ದಾರಿಯುದ್ದಕ್ಕೂ ಹಿಂದಿನಿಂದ ಒದೆತ. ಆಸ್ಪತ್ರೆಯಲ್ಲಿ ಅವನ ಮೂರು ಬೆರಳು ತೆಗೆದರು. ಮಣಿಕಟ್ಟಿನ ಸುತ್ತ ಐದು ಉಗುರಿನ ಗುರುತು ಇತ್ತು. ದುಬೈ ಅಲ್ಲಿಗೆ ಮುಗಿಯಿತು.

ಮರುದಿನ ಸಂಜೆ ಶೆಡ್ಡಿನಲ್ಲಿ ಆ ವೆಲ್ಡನ್ನು ಕಡಿದು, ಒಳಗೆ ಹೊಸ ಹಿಡಿ ಕೂರಿಸಿದೆ. ಯಾಕೆಂದು ಕೇಳಬೇಡಿ. ಬಾಗಿಲು ಹೊರಗಿನಿಂದ ಒತ್ತಿ ಹಾಕಿ, ಶೆಡ್ಡಿಗೆ ಬೀಗ ಜಡಿದು ಮನೆಗೆ ಹೋದೆ.

ಬೆಳಿಗ್ಗೆ ಬೀಗ ಹಾಗೆಯೇ ಇತ್ತು. ಜೀಪಿನ ಬಾಗಿಲು ಮಾತ್ರ ಹಾರು ಹೊಡೆದಿತ್ತು. ಒಳಗಿನ ಹಿಡಿ ಕೆಳಕ್ಕೆ ತಿರುಗಿತ್ತು. ಆಮೇಲೆ ಆ ಬಾಗಿಲು ಒಂದು ಸಲವೂ ಬಡಿಯಲಿಲ್ಲ.

ಹಮೀದ್ ಈಗ ಕಾಪುವಿನಲ್ಲಿ ಅಂಗಡಿ ಇಟ್ಟಿದ್ದಾನೆ, ಎಡಗೈಯಲ್ಲಿ ಸಾಮಾನು ಕಟ್ಟುತ್ತಾನೆ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದೇ ಒಂದು ಸಲ ಹೇಳಿದ್ದ:

"ಅದು ನನ್ನನ್ನು ಒಳಗೆ ಎಳೆದದ್ದಲ್ಲ ಅಣ್ಣ. ನಾನು ಅದನ್ನು ಹೊರಗೆ ಎಳೀಲಿ ಅಂತ ಹಿಡ್ಕೊಂಡದ್ದು."

ಆ ರಾತ್ರಿ ಜೀಪಿನಿಂದ ಇಳಿದದ್ದು ಯಾವ ಕಡೆ ಹೋಯಿತೋ ನನಗೆ ಇವತ್ತಿಗೂ ತಿಳಿಯದು. ಯಾವುದೇ ಜೀಪಿನ ಹಿಂದೆ ನಿಲ್ಲುವಾಗ ಈಗಲೂ ಮೊದಲು ಎರಡೂ ಕೈ ಜೇಬಿಗೆ ಹಾಕಿಕೊಳ್ಳುತ್ತೇನೆ.