ಎಲೆ ನೋಡುವ ಹುಡುಗ

ತೊಂದರೆ ಇದ್ದದ್ದು ನನ್ನ ದನಿಯಲ್ಲಿ. ಮಂಗಳೂರಿನ ಕಾನ್ವೆಂಟಿನಲ್ಲಿ ನಮಗೆ ಎಲೊಕ್ಯೂಷನ್ ಕಲಿಸುತ್ತಿದ್ದ ಸಿಸ್ಟರ್, ಪಿಸುಮಾತು ಕೂಡ ಕೊನೆಯ ಬೆಂಚಿಗೆ ಕೇಳಬೇಕು ಎನ್ನುತ್ತಿದ್ದರು. "ಗರ್ಲ್ಸ್, ಈವನ್ ಎ ವಿಸ್ಪರ್ ಮಸ್ಟ್ ಹ್ಯಾವ್ ಎ ಬ್ಯಾಕ್‌ಬೋನ್." ಆ ವಿಷಯದಲ್ಲಿ ನನಗೊಂದು ಸಿಲ್ವರ್ ಕಪ್ಪೂ ಸಿಕ್ಕಿತ್ತು. ಎಷ್ಟೋ ವರ್ಷಗಳ ನಂತರ ಸ್ವೀಡನ್ನಿನ ಒಂದು ಐಸ್ ಹಾಲ್‌ನಲ್ಲಿ, ಪಿಸುಮಾತಿನ ಆ ಬೆನ್ನುಮೂಳೆಯೇ ನಮ್ಮನ್ನು ಹಿಡಿದುಕೊಟ್ಟಿತು.

ಹೊಸ ಶತಮಾನದ ಮೊದಲ ಕೆಲವು ಚಳಿಗಾಲಗಳ ಮಾತು ಇದು. ಈಗ ನೆನೆದರೆ ಅವೆಲ್ಲ ಒಂದೇ ಉದ್ದನೆಯ ಶನಿವಾರದ ಹಾಗೆ ಕಾಣುತ್ತವೆ. ಊಟ ಮುಗಿಯುವಷ್ಟರಲ್ಲೇ ನೀಲಿಯಾಗುವ ಆಕಾಶ, ಕೆರೆದು ತೆಗೆಯಬೇಕಾದ ಕಾರಿನ ಗಾಜಿನ ಮಂಜು, ಫ್ಲಾಸ್ಕಿನಲ್ಲಿ ಕಾಫಿ, ಪಕ್ಕದ ಸೀಟಿನಲ್ಲಿ ಮಂಕಿ ಕ್ಯಾಪ್ ಎಳೆದುಕೊಂಡು ಕೂತ ನಮ್ಮವರು. ನಾವಿದ್ದ ಮೋಲ್ನ್‌ಡಾಲ್ ಊರು ಬಿಟ್ಟು ಸ್ವಲ್ಪ ದೂರ ಹೋದರೆ ರಸ್ತೆಯ ಎರಡೂ ಕಡೆ ಮರಗಳು ನಿದ್ದೆಯಲ್ಲೇ ನಿಂತಿರುತ್ತಿದ್ದವು. ಅವುಗಳ ಕೊನೆಗೆ, ಗೋದಾಮಿನ ಹಾಗಿರುವ ಒಂದು ಕಟ್ಟಡ. ಬಾಗಿಲು ತಳ್ಳಿದರೆ ಒಳಗೆ ಬೆಳ್ಳಗೆ ಹೊಳೆಯುವ ಅಂಗಳ.

ಎಲ್ಲ ಶುರುವಾದದ್ದು 'ಹಾಕಿ' ಎಂಬ ಒಂದು ಪದದಿಂದ. ನಾವು ಈ ದೇಶಕ್ಕೆ ಬಂದ ಹೊಸತರಲ್ಲಿ, ಔಷಧಿ ಸಂಶೋಧನೆಯ ಲ್ಯಾಬಿನಲ್ಲಿ ನಮ್ಮವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ, ನೀನು ಯಾವ ಆಟ ಆಡುತ್ತೀ ಎಂದು ಕೇಳಿದ್ದ. ಕಾಲೇಜಿನಲ್ಲಿ ಹಾಫ್‌ಬ್ಯಾಕ್ ಆಗಿದ್ದ ನಮ್ಮವರು ಎದೆಯುಬ್ಬಿಸಿ "ಹಾಕಿ" ಎಂದರು. ಮುಂದಿನ ಶನಿವಾರ ಬಿಳಿ ಕ್ಯಾನ್ವಾಸ್ ಶೂ ಹಾಕಿ, ಊರಿನಿಂದ ತಂದ ಸ್ಟಿಕ್ ಹಿಡಿದು, ಅವನು ಕೊಟ್ಟ ವಿಳಾಸಕ್ಕೆ ಹೋದರೆ ಅಲ್ಲಿ ಹುಲ್ಲೂ ಇಲ್ಲ, ಮಣ್ಣೂ ಇಲ್ಲ, ಬರೀ ಮಂಜುಗಡ್ಡೆ! ನಮ್ಮ ಹಾಕಿಗೆ ಇವರ ಭಾಷೆಯಲ್ಲಿ 'ನೆಲದ ಹಾಕಿ' ಎಂಬ ಬೇರೆ ಹೆಸರಿದೆ ಎಂದು ನಮಗೆ ಯಾರು ಹೇಳಿದ್ದರು? ಪಾಪ, ಅಂಗಳದ ಸುತ್ತಲಿನ ಹಲಗೆ ಹಿಡಿದುಕೊಂಡು ನಿಂತೇ ಇಡೀ ಆಟ ನೋಡಿ ಬಂದರು. ಬಂದವರು, "ಆ ಸ್ಕೇಟ್ ಒಂದು ಬಿಟ್ರೆ ಉಳಿದದ್ದೆಲ್ಲ ನಮ್ಮದೇ ಮಾರಾಯ್ತಿ" ಎಂದರು.

ಅವರು ಕೊನೆಯವರೆಗೂ ಸ್ಕೇಟ್ ಕಟ್ಟಲಿಲ್ಲ. ಆದರೆ ಹಲಗೆ ಹಿಡಿದು ನಿಲ್ಲುವುದನ್ನು ಬಿಡಲೂ ಇಲ್ಲ. ಯಾವ ಹುಡುಗ ಮುಂದೆ ಏನಾದಾನು ಎಂದು ಅವರು ಹೇಳಿದ್ದು ಮತ್ತೆ ಮತ್ತೆ ನಿಜವಾಗುವುದನ್ನು ಜನ ಗಮನಿಸಿದರು. ನಿವೃತ್ತರಾದ ಮೇಲೆ ಹತ್ತಿರದ ಒಂದು ದೊಡ್ಡ ಕ್ಲಬ್ಬು, ಸುತ್ತಲಿನ ಸಣ್ಣ ಊರುಗಳ ತಂಡಗಳಲ್ಲಿ, ಯಾರೂ ನೋಡದ ಕೆಳಗಿನ ಡಿವಿಷನ್‌ಗಳಲ್ಲಿ ಆಡುವ ಎಳೆಯ ಹುಡುಗರನ್ನು ನೋಡಿ ಬಂದು ಅಭಿಪ್ರಾಯ ಹೇಳಿ ಎಂದು ಅವರನ್ನು ಕೇಳಿಕೊಂಡಿತು. ಕೊರಳಿಗೊಂದು ಕಾರ್ಡು, ಎಲ್ಲ ಹಾಲ್‌ಗಳಲ್ಲೂ ನಡುಗೆರೆಯ ನೇರಕ್ಕೆ ಒಂದು ಸೀಟು. ಹಾನೆಸ್ಟ್ಲಿ, ತಮ್ಮ ಡಾಕ್ಟರೇಟಿನ ಬಗ್ಗೆ ಅವರಿಗೆ ಅಷ್ಟು ಹೆಮ್ಮೆ ಇದ್ದದ್ದನ್ನು ನಾನು ಕಂಡಿಲ್ಲ.

ಮಂಗಳೂರಿನಿಂದ ಫೋನ್ ಮಾಡಿದರೆ ನನ್ನ ಅಕ್ಕನದ್ದು ಒಂದೇ ಪ್ರಶ್ನೆ. "ಎಂತ, ಈ ವಾರವೂ ಹುಡುಗ ನೋಡ್ಲಿಕ್ಕೆ ಹೋಗಿದ್ರಾ? ನಿಮ್ಗೆ ಮದುವೆ ಮಾಡ್ಲಿಕ್ಕೆ ಮಗಳೇ ಇಲ್ವಲ್ಲ ಮಾರಾಯ್ತಿ!"

ಆಮೇಲೆ ಅವರ ಕಣ್ಣಿನ ನಡುಭಾಗ ಹೋಯಿತು. ಕಣ್ಣಿನ ಡಾಕ್ಟರ್ ಒಂದು ಬಿಳಿ ಹಾಳೆಯ ಮಧ್ಯೆ ಹೆಬ್ಬೆರಳಿಟ್ಟು, ಇಷ್ಟು ಜಾಗ ಮಾಸಿಹೋಗುತ್ತದೆ, ಅಂಚು ಉಳಿಯುತ್ತದೆ ಎಂದು ವಿವರಿಸಿದಳು. ಮನೆಗೆ ಬಂದು ನಮ್ಮವರು ನನ್ನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಬಹಳ ಹೊತ್ತು ನೋಡಿದರು.

"ನಿನ್ನ ಮುಖ ಇಲ್ಲ. ಓಲೆ ಮಾತ್ರ ಉಂಟು."

"ಓಲೆಯಾದ್ರೂ ಉಂಟಲ್ಲ, ಬಿಡಿ" ಎಂದೆ.

"ಯಾವುದನ್ನು ನೋಡ್ತೇನೋ ಅದು ಕಾಣುದಿಲ್ಲ. ನೋಡದೆ ಇರುವುದೆಲ್ಲ ಕಾಣ್ತದೆ. ಎಂತ ಕಣ್ಣು ಇದು!" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಕ್ಲಬ್ಬಿನವರಿಗೆ ಹೇಳ್ಬೇಡ. ಕಣ್ಣು ಹೋದ್ರೆ ಹೋಗ್ಲಿ. ಆ ಸೀಟು ಹೋದ್ರೆ ಶನಿವಾರ ನಾನು ಎಂತ ಮಾಡುದು?" ಎಂದರು.

ಹಾಗೆ ನಾನು ಅವರ ಕಣ್ಣಾದೆ. ನನಗೆ ಆಟದ ಗಂಧವಿರಲಿಲ್ಲ. ಶಾಲೆಯಲ್ಲಿ ಗೇಮ್ಸ್ ಪೀರಿಯಡ್ ಎಂದರೆ ನನಗೆ ಹೊಟ್ಟೆನೋವು ಬರುತ್ತಿತ್ತು. ಆದರೆ ಕನ್ನಡ ಇತ್ತಲ್ಲ! ಆ ಹಾಲ್‌ಗಳಲ್ಲಿ ನಮ್ಮ ಮಾತು ಅರ್ಥವಾಗುವವರು ಒಬ್ಬರೂ ಇರಲಿಲ್ಲ. ಬಾಗಿಲು ತೆರೆದಿಟ್ಟೇ ಗುಟ್ಟು ಮಾತಾಡುವ ಸುಖ ಅದು. ಒಂದು ಉಣ್ಣೆಯ ಕಂಬಳಿಯನ್ನು ಇಬ್ಬರ ಮೊಣಕಾಲಿಗೂ ಹೊದ್ದು ಕೂತರೆ, ಕೆಳಗೆ ಬ್ಲೇಡುಗಳು ಮಂಜುಗಡ್ಡೆಯನ್ನು ಕೆರೆಯುವ ಸದ್ದು ದೂರದ ಯಾವುದೋ ಮನೆಯಲ್ಲಿ ತೆಂಗಿನಕಾಯಿ ತುರಿದ ಹಾಗೆ ಕೇಳುತ್ತಿತ್ತು. ಅದರ ಜೊತೆ ನನ್ನ ಪಿಸುಮಾತು.

ಅವರಿಗೆ ಗೋಲು ಬೇಕಿರಲಿಲ್ಲ. "ಗೋಲು ಬೋರ್ಡಿನ ಮೇಲೆ ಬರ್ತದೆ. ಆ ರಬ್ಬರ್ ಬಿಲ್ಲೆ ಹತ್ತಿರ ಇಲ್ಲದಾಗ ಹುಡುಗ ಎಂತ ಮಾಡ್ತಾನೆ, ಅದು ಹೇಳು" ಎನ್ನುತ್ತಿದ್ದರು. ಬಿದ್ದ ಮೇಲೆ ಎದ್ದು ಮೊದಲು ಯಾರ ಕಡೆ ನೋಡಿದ? ತಪ್ಪು ಮಾಡಿ ಬೆಂಚಿಗೆ ಬಂದಾಗ ನೀರಿನ ಬಾಟಲಿ ಹೇಗೆ ಹಿಡಿದ? ನಾನು ನೋಡಿದ್ದನ್ನು ನನಗೆ ಗೊತ್ತಿದ್ದ ಮಾತಿನಲ್ಲೇ ಹೇಳುತ್ತಿದ್ದೆ.

"ಏಳನೇ ನಂಬರಿನವನು ಮದುವೆಮನೆಯ ದೊಡ್ಡಪ್ಪನ ಹಾಗೆ. ಎಲ್ಲಾ ಕಡೆ ಓಡಾಡ್ತಾನೆ, ಕೈ ಬೀಸ್ತಾನೆ, ಒಂದು ಲೋಟ ನೀರು ಎತ್ತಿಡುದಿಲ್ಲ."

"ಬಿಡು ಅವನನ್ನು. ಆ ಉದ್ದದವನು?"

"ಅವನದ್ದು ದೋಸೆ ಮಗುಚುವ ಕೈ. ಮಣಿಕಟ್ಟು ಮಾತ್ರ ಅಲ್ಲಾಡ್ತದೆ."

"ಹಾಂ! ಅದು ಬೇಕು."

ಒಂದು ಮಧ್ಯಾಹ್ನ, ನಮ್ಮ ಮನೆಗೆ ತೀರ ಹತ್ತಿರದ ಹಳೆಯ ಹಾಲ್‌ನಲ್ಲಿ, ಹದಿನಾಲ್ಕನೇ ನಂಬರಿನ ಒಬ್ಬ ಸಪೂರ ಹುಡುಗನನ್ನು ನೋಡಿ ನನಗೆ ಸರಿಯಾದ ಮಾತು ಸಿಗಲಿಲ್ಲ. ಅವನು ವೇಗದವನಲ್ಲ. ಬಿಲ್ಲೆ ಅವನ ಬಳಿ ಕ್ಷಣವೂ ನಿಲ್ಲುತ್ತಿರಲಿಲ್ಲ. ಆದರೆ ಅದು ಯಾರಿಗೆ ಬೇಕಿತ್ತೋ, ಅವರು ಕೇಳುವ ಮೊದಲೇ ಅವರ ಮುಂದೆ ಹೋಗಿ ಬಿದ್ದಿರುತ್ತಿತ್ತು. ಕೊನೆಗೆ ಹೇಳಿದೆ: "ಇವನು ಎಲೆ ನೋಡ್ತಾನೆ."

ನಮ್ಮವರು ನನ್ನ ಕಡೆ ತಿರುಗಿದರು. ಅವರಿಗೆ ವಿವರಿಸಬೇಕಾಗಿರಲಿಲ್ಲ. ಪಂಕ್ತಿಯಲ್ಲಿ ಬಡಿಸುವವರನ್ನು ಇಬ್ಬರೂ ಎಷ್ಟು ನೋಡಿಲ್ಲ! ಒಬ್ಬ ತನ್ನ ಕೈಯ ಬಕೆಟ್ಟನ್ನೇ ನೋಡುತ್ತಾ, ಸಾರು ಸಾರು ಎಂದು ಕೂಗುತ್ತಾ, ಬೇಡವೆಂದವರಿಗೂ ಸುರಿದು ಸಾಗುತ್ತಾನೆ. ಇನ್ನೊಬ್ಬ ಎಲೆ ನೋಡುತ್ತಾನೆ. ಸಂಕೋಚದಲ್ಲಿ ಕೈ ಅಡ್ಡ ಹಿಡಿದವರು ಯಾರು, ಮೂಲೆಯ ಯಾವ ಎಲೆಯಲ್ಲಿ ಉಪ್ಪಿನಕಾಯಿ ಮುಗಿದಿದೆ, ಎಲ್ಲ ಅವನಿಗೆ ಗೊತ್ತು. ಊಟ ಮುಗಿದ ಮೇಲೆ ಅವನನ್ನು ಯಾರೂ ನೆನೆಯುವುದಿಲ್ಲ. ಊಟ ಚೆನ್ನಾಗಿತ್ತು ಎನ್ನುತ್ತಾರೆ, ಅಷ್ಟೇ.

ಅಂದಿನಿಂದ ಪ್ರತಿ ಹುಡುಗನ ಬಗ್ಗೆಯೂ ಅವರದ್ದು ಅದೇ ಪ್ರಶ್ನೆ. "ಎಲೆ ನೋಡ್ತಾನಾ?" ಹೆಚ್ಚಿನವರು ನೋಡುತ್ತಿರಲಿಲ್ಲ.

ಅದೇ ತಂಡದಲ್ಲಿ ಒಂಬತ್ತನೇ ನಂಬರಿನ ಒಬ್ಬ ಮಿಂಚುಗೂದಲಿನ ಹುಡುಗನಿದ್ದ. ಗೋಲಿನ ಮೇಲೆ ಗೋಲು. ಕ್ಲಬ್ಬಿಗೆ ಆ ತಂಡದಿಂದ ಬೇಕಾಗಿದ್ದದ್ದು ಒಬ್ಬನೇ. ಹಾಗಾಗಿ ಚಳಿಗಾಲದ ಕೊನೆಯ ಒಂದು ಶನಿವಾರ, ಹುಡುಗರ ಆಯ್ಕೆಯ ಮುಖ್ಯಸ್ಥನೇ ನೋಡಲು ಬಂದ. ಸ್ವೀಡನ್ನಿನ ಉತ್ತರದ ಕಡೆಯವನು. ಅಲ್ಲಿಯವರು 'ಹೌದು' ಎನ್ನಲು ಬಾಯಿ ತೆರೆಯುವುದಿಲ್ಲ, ಬೆಚ್ಚಿಬಿದ್ದವರ ಹಾಗೆ ಉಸಿರನ್ನು ಒಳಗೆಳೆದುಕೊಳ್ಳುತ್ತಾರೆ. ಅವನು ನಮ್ಮ ಮುಂದಿನ ಸಾಲಿನಲ್ಲಿ ಕೂತ. ಅವನ ಪಕ್ಕದಲ್ಲಿ ಆಟಕ್ಕೆ ಮೊದಲು ನಡೆಯುವ ಸ್ಕೇಟಿಂಗ್ ಕ್ಲಾಸಿಗೆ ಮಗನನ್ನು ಕರೆತಂದಿದ್ದ ಒಬ್ಬ ತಾಯಿ, ಮತ್ತು ದಾಲ್ಚಿನ್ನಿ ಬನ್ ತಿನ್ನುತ್ತಿದ್ದ, ಇನ್ನೂ ಡಾಗಿಸ್ ಎಂಬ ಶಿಶುವಿಹಾರಕ್ಕೆ ಹೋಗುವ ವಯಸ್ಸಿನ ಅವಳ ಪುಟ್ಟ ಮಗಳು. ಇಬ್ಬರದ್ದೂ ಟೋಪಿ ಕಣ್ಣಿನವರೆಗೆ ಎಳೆದಿತ್ತು. ನಮ್ಮ ದೇಶದವರೆಂದು ನಾನು ಹೇಗೆ ಗುರುತಿಸಲಿ?

ಆಟ ಶುರುವಾಯಿತು. ನಾನೂ ಶುರು ಮಾಡಿದೆ. "ಒಂಬತ್ತು ಮತ್ತೆ ಗೋಲು ಹೊಡೆದ. ಬಕೆಟ್ ಬಿಟ್ಟು ಬೇರೆ ಕಡೆ ಕಣ್ಣೇ ಇಲ್ಲ ಇವನಿಗೆ. ಹದಿನಾಲ್ಕು ಬಡಿಸ್ತಾ ಇದ್ದಾನೆ. ಅಲ್ಲಿ, ಎಡಗಡೆ ಹೋಗ್ತಿದ್ದಾನೆ. ನಂಬರ್ ಕಾಣ್ತದಾ ಇವತ್ತು?"

"ಎಲ್ಲಿ ಕಾಣ್ತದೆ ಮಾರಾಯ್ತಿ. ಬರೀ ಹೊಗೆ."

ಆ ಪುಟ್ಟ ಹುಡುಗಿ ಬನ್ ಬಾಯಲ್ಲಿಟ್ಟುಕೊಂಡೇ ನಮ್ಮನ್ನು ತಿರುಗಿ ನೋಡಿದಳು. ಆಮೇಲೆ ಮುಖ್ಯಸ್ಥನ ತೋಳು ತಟ್ಟಿ, ಸ್ವಚ್ಛವಾದ ಸ್ವೀಡಿಷ್‌ನಲ್ಲಿ, ಡಾಗಿಸ್‌ನಲ್ಲಿ ಕಥೆ ಹೇಳುವ ಶಿಸ್ತಿನಿಂದ ಹೇಳಿದಳು: ಆ ಅಜ್ಜನಿಗೆ ಕಣ್ಣು ಕಾಣುವುದಿಲ್ಲ, ಅಜ್ಜಿ ಎಲ್ಲ ಹೇಳಿಕೊಡುತ್ತಾರೆ, ಹದಿನಾಲ್ಕನೇ ನಂಬರಿನವನು ಊಟ ಬಡಿಸುತ್ತಿದ್ದಾನಂತೆ.

"ಊಟವೇ?" ಎಂದ ಆತ.

ತಾಯಿ ದಡಬಡಿಸಿ ಎದ್ದಳು. ಬೆಂಗಳೂರಿನ ಕನ್ನಡ. "ಅಯ್ಯೋ ಸಾರಿ ಆಂಟಿ, ರಿಯಲಿ ಸಾರಿ! ಇವಳು ಮನೇಲಿ ಒಂದಕ್ಷರ ಕನ್ನಡ ಮಾತಾಡಲ್ಲ. ಏನ್ ಕೇಳಿದ್ರೂ ಸ್ವೀಡಿಷ್‌ನಲ್ಲೇ ಉತ್ತರ. ಇಷ್ಟೆಲ್ಲಾ ಅರ್ಥ ಆಗತ್ತೆ ಅಂತ ನನಗೇ ಗೊತ್ತಿರ್ಲಿಲ್ಲ!" ನಾಚಿಕೆಯ ನಡುವೆಯೇ ಅವಳ ಮುಖ ಅರಳುತ್ತಿತ್ತು. ಮಗಳನ್ನು ಬೈಯಲು ಎತ್ತಿದ ಕೈ ಅವಳ ಟೋಪಿ ಸರಿಮಾಡಿತು.

ನಾನು ಏನೋ ಒಂದು ನೆಪ ಹೇಳಲು ಬಾಯಿ ತೆರೆದೆ. ನಮ್ಮವರು ಕಂಬಳಿಯ ಕೆಳಗೆ ನನ್ನ ಕೈ ಒತ್ತಿದರು.

"ಮಗು ಹೇಳಿದ್ದು ಸರಿ" ಎಂದರು ಸ್ವೀಡಿಷ್‌ನಲ್ಲಿ. "ಕಳೆದ ಚಳಿಗಾಲದಿಂದ ನನಗೆ ಹುಡುಗರು ಕಾಣುತ್ತಿಲ್ಲ."

"ಹಾಗಾದರೆ ನೀವು ಹೇಳಿದ್ದೆಲ್ಲ?"

"ಇವಳು ನೋಡಿದಳು. ನಾನು ತೀರ್ಮಾನಿಸಿದೆ."

ಆತ ಉಸಿರನ್ನು ಒಳಗೆಳೆದುಕೊಂಡ. ಅದು ಒಪ್ಪಿಗೆಯೋ, ಗಾಬರಿಯೋ? ನಮ್ಮವರು ಆ ಸದ್ದಿನ ಕಡೆಗೇ ಕಿವಿಯಿಟ್ಟು ಕೂತರು. ಆತ ಎದ್ದು ಹೋಗಿ ಮೂರು ಲೋಟ ಕಾಫಿ ತಂದ. ಬಿಸಿ ಲೋಟವನ್ನು ನಮ್ಮವರ ಕೈಯೊಳಗೆ ಮೆಲ್ಲಗೆ ಇಟ್ಟು, "ಒಂಬತ್ತೋ, ಹದಿನಾಲ್ಕೋ?" ಎಂದು ಕೇಳಿದ.

"ಹದಿನಾಲ್ಕು."

"ಯಾಕೆ?"

"ಅವನು ಬೇರೆಯವರ ಎಲೆ ನೋಡುತ್ತಾನೆ" ಎಂದರು ನಮ್ಮವರು. ಸ್ವೀಡಿಷ್‌ನಲ್ಲಿ ಎಲೆ ಎಂದರೆ ಬರೀ ಮರದ ಎಲೆ. ಆ ಮನುಷ್ಯ ನಿಜವಾಗಿಯೂ ತಲೆಯೆತ್ತಿ ಚಾವಣಿಯ ಕಡೆ ನೋಡಿದ. ಅಲ್ಲಿ ತಗಡಿತ್ತು, ಟ್ಯೂಬ್‌ಲೈಟಿತ್ತು. ನಮ್ಮವರು ಮತ್ತೊಮ್ಮೆ ಪ್ರಯತ್ನಿಸಿದರು: ಊಟ, ಪಂಕ್ತಿ, ಬಡಿಸುವವರು. ಮಾತು ಉದ್ದವಾದಷ್ಟೂ ಸೋರಿಹೋಯಿತು. ಕೊನೆಗೆ ಅದನ್ನು ಬಿಟ್ಟು ಕಾಫಿ ಕುಡಿದರು.

ಕ್ಲಬ್ಬು ಒಂಬತ್ತನ್ನೇ ಆರಿಸಿತು. ನಮ್ಮ ಮನೆಗೆ ಟ್ಯೂಲಿಪ್ ಹೂಗಳ ಗೊಂಚಲು ಬಂತು, ಮಾರ್ಜಿಪಾನ್ ಎಂಬ ಹಸಿರು ಬಾದಾಮಿ ಹಿಟ್ಟು ಹೊದಿಸಿದ ಗುಂಡನೆಯ ಕೇಕು ಬಂತು. ಇಲ್ಲಿ ಹೀಗೆಯೇ, ಬೀಳ್ಕೊಡುವುದನ್ನೂ ಬಹಳ ಸಭ್ಯವಾಗಿ ಮಾಡುತ್ತಾರೆ. ಕಾರ್ಡು ಹಿಂದಿರುಗಿಸಬೇಕಾಯಿತು. ಅದನ್ನು ಕೊರಳಿನಿಂದ ತೆಗೆಯುವಾಗ ಮಂಕಿ ಕ್ಯಾಪಿಗೆ ಸಿಕ್ಕಿಕೊಂಡಿತು. ಬಿಡಿಸಿದ್ದು ನಾನೇ.

ಮುಂದಿನ ಶನಿವಾರ ಊಟವಾದ ಮೇಲೆ ನೋಡಿದರೆ ನಮ್ಮವರು ಕೋಟು ಹಾಕಿಕೊಂಡು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದಾರೆ.

"ಯಾರು ಕರೆದ್ರು ನಿಮ್ಮನ್ನು?"

"ಕರೆಯದಿದ್ರೆ ಹೋಗ್ಬಾರ್ದು ಅಂತ ಉಂಟಾ? ಕಾರಿನ ಕೀ ತಕ್ಕೊ."

ಹತ್ತಿರದ ಆ ಹಳೆಯ ಹಾಲ್‌ಗೇ ಹೋದೆವು. ಎಲ್ಲರ ಹಾಗೆ ಟಿಕೆಟ್ ತೆಗೆದುಕೊಂಡೆವು. ನಡುಗೆರೆಯ ಸೀಟು ಈಗ ನಮ್ಮದಲ್ಲ. ಗೋಲಿನ ಹಿಂದೆ, ಆಟಗಾರರ ಅಜ್ಜಿಯರು ಕೂರುವ ಮರದ ಮೆಟ್ಟಿಲಿನ ಮೇಲೆ ಕಂಬಳಿ ಹಾಸಿದೆವು. ಪಕ್ಕದ ಅಜ್ಜಿ ಸ್ವಲ್ಪ ಸರಿದು ಜಾಗ ಕೊಟ್ಟು, ಅದು ಯಾವ ಭಾಷೆ ಎಂದು ಕೇಳಿದಳು. ಹೇಳಿದೆ. ಚೆನ್ನಾಗಿದೆ, ಹೇಳುತ್ತಿರು ಎಂದಳು.

ದೊಡ್ಡ ಕ್ಲಬ್ಬಿಗೆ ಹೋಗದ ಕಾರಣ ಹದಿನಾಲ್ಕು ಅಲ್ಲೇ ಇದ್ದ. ಅವನಿಗೆ ಅದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ನನಗೆ ತಿಳಿಯದು. ನಮಗಂತೂ ಅವನು ಸಿಕ್ಕಿದ.

ನಾನು ಹೇಳುತ್ತಾ ಹೋದೆ. ನಡುವೆ ಒಮ್ಮೆ ನಮ್ಮೆದುರಿನ ಗೋಲಿಗೇ ಬಿಲ್ಲೆ ನುಗ್ಗಿತು. ಅಜ್ಜಿಯರೆಲ್ಲ ಎದ್ದರು. ಹೊಡೆದವನ ಮೇಲೆ ಇಡೀ ತಂಡ ಬಂದು ಬಿತ್ತು. ನಾನು ಹೊಡೆದವನ ನಂಬರ್ ಓದಲು ಕತ್ತು ಚಾಚಿದೆ. ನಮ್ಮವರೂ ಗದ್ದಲ ಕೇಳಿದ ಕಡೆಗೇ, ಆ ಗುಂಪಿನ ಕಡೆಗೇ, ನೇರವಾಗಿ ನೋಡುತ್ತಿದ್ದರು.

"ಅಲ್ಲಿ, ಬಲಗಡೆ ಹಲಗೆ ಹತ್ತಿರ, ಒಬ್ಬ ನಿಂತಿದ್ದಾನೆ ಅಲ್ವಾ?" ಎಂದರು. "ಒಬ್ಬನೇ?"

ತಿರುಗಿ ನೋಡಿದೆ. ಹದಿನಾಲ್ಕು. ಬಿಲ್ಲೆ ದಾಟಿಸಿದ ಜಾಗದಲ್ಲೇ, ಸ್ಟಿಕ್ಕನ್ನು ಮೊಣಕಾಲುಗಳ ಮೇಲೆ ಅಡ್ಡ ಹಿಡಿದು ಬಾಗಿ ಉಸಿರಾಡುತ್ತಾ, ದೂರದ ಆ ಸಂಭ್ರಮವನ್ನು ನೋಡಿ ನಗುತ್ತಿದ್ದ.

"ಹೌದು! ಅವನೇ. ನಾನು ಇನ್ನೂ ಹೇಳಿಯೇ ಇಲ್ವಲ್ಲ, ನಿಮ್ಗೆ ಹೇಗೆ..."

"ಶ್. ಒಂಚೂರು ಸುಮ್ನಿರು ಮಾರಾಯ್ತಿ" ಎಂದರು ನಮ್ಮವರು, ಮುಖ ತಿರುಗಿಸದೆ. "ಅಂಚಿನಲ್ಲಿ ಕಾಣ್ತಾ ಉಂಟು."