ಎದುರು ತುದಿ ಹಿಡಿದವಳು

ದೊಡ್ಡಕ್ಕ ಒಂದು ನಿಜವಾದ ಉತ್ತರವನ್ನು ಬಾಕಿ ಉಳಿಸಿಕೊಂಡಿದ್ದಾಳೆ. ದುಡ್ಡಿನ ಬಾಕಿಯಾಗಿದ್ದರೆ ಹೇಗೋ ತೀರಿಸಿಬಿಡುತ್ತಿದ್ದಳು. ಇದು ಹಾಗೆ ತೀರುವಂಥದ್ದಲ್ಲ.

ಅವಳು ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಬೆಡ್‌ಶೀಟು ಮಡಚುವವಳು. ನೆಲಮಾಳಿಗೆಯ ಕೋಣೆ. ಒಂದು ಕಡೆ ಹಬೆ ಉಗುಳುವ ಬಿಸಿ ರೋಲರು, ಇನ್ನೊಂದು ಕಡೆ ಉದ್ದನೆಯ ಮೇಜು, ಸೂರಿಗೆ ಅಂಟಿದ ಹಾಗೆ ಒಂದೇ ಒಂದು ಕಿಟಕಿ. ಅದರಲ್ಲಿ ಬೀದಿಯವರ ಪಾದಗಳು ಮಾತ್ರ ಕಾಣುತ್ತವೆ. “ನಮಗೆ ಊರಿನವರ ಮುಖ ಗೊತ್ತಿಲ್ಲ, ಚಪ್ಪಲಿ ಗೊತ್ತು” ಎಂದು ಹೆಂಗಸರು ನಗುತ್ತಿದ್ದರು. ದೊಡ್ಡಕ್ಕ ಅವರಲ್ಲಿ ಯಾರಿಗೂ ಒಡಹುಟ್ಟಿದವಳಲ್ಲ. ಗಂಡ ಹಾಸಿಗೆ ಹಿಡಿದ ವರ್ಷ, ಹಲ್ಲು ಮೂಡುತ್ತಿದ್ದ ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ ಈ ಕೋಣೆಗೆ ಇಳಿದಳು. ಬಾಯಿ ಜೋರು, ಕೆಲಸ ಅದಕ್ಕಿಂತ ಜೋರು. ಹಾಗಾಗಿ ದೊಡ್ಡಕ್ಕನಾದಳು.

ಬೆಡ್‌ಶೀಟು ಮಡಚಲು ಇಬ್ಬರು ಬೇಕು. ಎದುರುಬದುರು ನಿಂತು, ಮೂಲೆ ಹಿಡಿದು, ಕೊಡವಿ, ಬಿಗಿಯಾಗಿ ಎಳೆಯಬೇಕು. ಆಮೇಲೆ ಒಬ್ಬಳು ನಿಲ್ಲುತ್ತಾಳೆ, ಇನ್ನೊಬ್ಬಳು ನಡೆದು ಬಂದು ಮೂಲೆಗೆ ಮೂಲೆ ಸೇರಿಸುತ್ತಾಳೆ. ಯಾರ ಎದುರು ಯಾರು ನಿಲ್ಲಬೇಕೆಂದು ಹೆಂಗಸರೇ ತೀರ್ಮಾನಿಸುತ್ತಿದ್ದರು. ಮುನಿಸಿಕೊಂಡವರು ಜೋಡಿ ಬದಲಿಸುವರು, ರಾಜಿಯಾದವರು ಮತ್ತೆ ಕೂಡುವರು. ಕಚೇರಿಯವರು ಆ ಕಡೆ ತಲೆ ಹಾಕಿದವರಲ್ಲ.

ದೊಡ್ಡಕ್ಕನ ಎದುರು ತುದಿಗೆ ಯಾವಾಗಲೂ ಎಡಚಿ. ಅವಳು ಹುಟ್ಟಿನಿಂದ ಎಡಚಿಯಲ್ಲ. ರೋಲರು ಬಲಗೈ ಎಳೆದುಕೊಂಡ ಮೇಲೆ ಆ ಕೈಯ ಬೆರಳುಗಳು ಮಡಚುವುದನ್ನೇ ಬಿಟ್ಟಿದ್ದವು. ರಜೆ ಮುಗಿಸಿ ಬಂದವಳು ಕೈ ವಾಸಿಯಾಯಿತೆಂದು ಕಚೇರಿಗೆ ಹೇಳಿದಳು, ಕೋಣೆಯವರೆಲ್ಲ ಹೌದು ಹೌದೆಂದರು. ಅಂದಿನಿಂದ ಹೆಬ್ಬೆರಳಿಗೂ ಅಂಗೈಗೂ ನಡುವೆ ಮೂಲೆ ಸಿಕ್ಕಿಸಿಕೊಂಡು ನಿಲ್ಲುವುದಷ್ಟೇ ಎಡಚಿಯ ಪಾಲು. ಕೊಡವುವುದು, ನಡೆಯುವುದು ಎಲ್ಲ ದೊಡ್ಡಕ್ಕನದು. ಎಷ್ಟು ಎಳೆದರೆ ಆ ಮೂಲೆ ಜಾರುವುದಿಲ್ಲ ಎಂಬುದು ಅವಳ ಕೈಗೆ ಮಾತ್ರ ಗೊತ್ತಿತ್ತು.

“ನೀನು ಗೋಡೆಗೆ ಹೊಡೆದ ಮೊಳೆ ಇದ್ದಂಗೆ ಕಣೇ. ಸುಮ್ನೆ ನಿಂತ್ಕೋ.”

“ಮೊಳೆಗೂ ಸಂಬಳ ಕೊಡೋ ಆಸ್ಪತ್ರೆ ಇದೊಂದೇ ನೋಡಕ್ಕಾ” ಎನ್ನುವಳು ಎಡಚಿ.

ಹೀಗಿರುವಾಗ ಹೊಸ ಮ್ಯಾನೇಜರ್ ಬಂದ. ಕೆಲಸಗಾರರು ಯಾವ ಮನಸ್ಸಿನಿಂದ ದುಡಿಯುತ್ತಾರೆಂದು ಅಳೆಯಲು ಓದಿದ ಹುಡುಗಿಯೊಬ್ಬಳನ್ನು ಕರೆಸಿದ. ಹೆಂಗಸರು ಅವಳಿಗೆ ಅಳತೆ ಮೇಡಂ ಎಂದು ಹೆಸರಿಟ್ಟರು. ಒಳ್ಳೆಯ ಹುಡುಗಿ. ಕುರ್ಚಿ ಬೇಡವೆಂದು ಬಟ್ಟೆಗಂಟಿನ ಮೇಲೆಯೇ ಕೂತಳು.

“ಬೈತಾರೆ ಅಂತ ದುಡಿಯೋದು ಒಂದು ಥರ, ಮನಸಾರೆ ದುಡಿಯೋದು ಇನ್ನೊಂದು ಥರ. ಮನಸಾರೆ ಆಗ್ಬೇಕಾದ್ರೆ ಮೂರು ಬೇಕು ಅನ್ನುತ್ತೆ ನಾನು ಓದಿರೋ ಸಿದ್ಧಾಂತ. ಇದು ನಾನೇ ಒಪ್ಪಿ ಮಾಡ್ತಿರೋದು ಅನ್ನಿಸ್ಬೇಕು. ನನಗೆ ಕೆಲಸ ಬರುತ್ತೆ ಅನ್ನಿಸ್ಬೇಕು. ನನ್ನವರು ಅನ್ನೋರು ಜೊತೆಗಿರ್ಬೇಕು. ಈ ಮೂರರ ಬಗ್ಗೆ ಒಂದೊಂದೇ ಮಾತು ಓದ್ತೀನಿ. ಸ್ವಲ್ಪಾನೂ ನಿಜ ಅಲ್ಲ ಅಂದ್ರೆ ಒಂದು, ಪೂರ್ತಿ ನಿಜ ಅಂದ್ರೆ ಏಳು. ನಡುವೆ ಯಾವುದಾದ್ರೂ ಹೇಳ್ಬಹುದು.”

“ಏಳಕ್ಕೆ ಏಳು ಬಂದ್ರೆ ಪಾಸಾ ಮೇಡಂ?” ಎಂದಳು ರೋಲರಿನವಳು.

“ಪಾಸು ಫೇಲು ಇಲ್ಲಮ್ಮ. ಮನಸ್ಸಲ್ಲಿದ್ದದ್ದು ಹೇಳಿ, ಅಷ್ಟೇ.”

ಆ ಕೊನೆಯ ಮಾತಿಗೆ ದೊಡ್ಡಕ್ಕನ ಕಿವಿ ನೆಟ್ಟಗಾಯಿತು. ಹಿಂದೊಮ್ಮೆ ಇದೇ ಹೆಂಗಸರು ಕೆಲಸ ನಿಲ್ಲಿಸಿ ಗೇಟಿನ ಮುಂದೆ ಕೂತಿದ್ದರು. ಮುಷ್ಕರ ಮುಗಿದ ಮೇಲೆ ಕಚೇರಿಯವರು ಚಹಾ ಕುಡಿಸಿ ನಯವಾಗಿ ವಿಚಾರಿಸಿದರು: ಯಾರಿಗೆ ಯಾರು ಬೇಕಾದವರು, ಯಾರ ಮನೆಗೆ ಯಾರು ಹೋಗುತ್ತಾರೆ? ಪಾಪದವರು ಹೇಳಿಬಿಟ್ಟರು. ಮುಂದಿನ ತಿಂಗಳೇ ಬೇಕಾದವರನ್ನೆಲ್ಲ ಬೇರೆ ಬೇರೆ ಪಾಳಿಗೆ ಎಸೆದರು. ಮತ್ತೆ ಒಂದು ಪಾಳಿಗೆ ಬರಲು ವರ್ಷಗಳೇ ಹಿಡಿದವು. ಯಜಮಾನರ ಕಣ್ಣಿಗೆ ಸ್ನೇಹವನ್ನು ಬೀಳಿಸಬಾರದೆಂದು ದೊಡ್ಡಕ್ಕ ಅಂದು ಕಲಿತಳು. ಪಾಠವೇನೋ ಸರಿಯೇ. ಆದರೆ ಹೋರಾಟದಲ್ಲಿ ಕಲಿತದ್ದೂ ಮೈಗೆ ಅಂಟಿದ ಚಟವಾದರೆ ಕುತ್ತಿಗೆಗೆ ಬರುತ್ತದೆ.

ಊಟದ ಹೊತ್ತಿಗೆ ಎಲ್ಲರನ್ನೂ ಮೇಜಿನ ಸುತ್ತ ಸೇರಿಸಿದಳು. “ಇಷ್ಟಪಟ್ಟು ಮಾಡ್ತೀಯಾ ಅಂದ್ರೆ ಏಳು. ಕೆಲಸ ಬರುತ್ತಾ ಅಂದ್ರೆ ಏಳು. ಜೊತೆಯವರ ಸುದ್ದಿ ಎತ್ತಿದ್ರೆ ಮಾತ್ರ ಒಂದು. ಯಾರಿದ್ರೆ ನಂಗೇನು ಅಂತ ಅನ್ನಿ. ತಿಳೀತಾ?”

“ಆ ಹುಡುಗಿ ನೋಡಿದ್ರೆ ಮೋಸದವಳ ಥರ ಇಲ್ಲಕ್ಕಾ” ಎಂದಳು ಎಡಚಿ.

“ಹುಡುಗಿ ಮೋಸದವಳಲ್ಲ. ಅವಳನ್ನ ಕರೆಸಿದೋರ ಕಣ್ಣು ನಮ್ಮ ಜೋಡಿ ಮೇಲೆ ಬಿದ್ರೆ? ನಿನ್ನ ಕೈ ನೋಡಿದ್ರೆ? ನಿನಗೋಸ್ಕರಾನೇ ಹೇಳ್ತಿರೋದು. ಬಾಯಿ ಮುಚ್ಕೊಂಡು ಒಂದು ಅನ್ನು.”

ಬಟ್ಟೆ ಪೇರಿಸಿಡುವ ಸಣ್ಣ ಕೋಣೆಗೆ ಒಬ್ಬೊಬ್ಬರನ್ನೇ ಕರೆದರು. ದೊಡ್ಡಕ್ಕನ ಸರದಿ ಬಂದಾಗ ಅಳತೆ ಮೇಡಂ ಓದಿದಳು: “ನನ್ನ ಜೊತೆ ಕೆಲಸ ಮಾಡುವವರು ನನಗೆ ಹತ್ತಿರದವರು.”

“ಒಂದು.”

ಹುಡುಗಿ ತಲೆಯೆತ್ತಿದಳು. “ನಿಜವಾಗ್ಲೂ? ಈಗ ತಾನೇ ಹೊರಗೆ ಒಟ್ಟಿಗೆ ನಗ್ತಾ ಇದ್ರಲ್ಲ?”

“ಶೀಟು ಹಿಡಿಯೋಕೆ ಎದುರಿಗೆ ಎರಡು ಕೈ ಇದ್ರೆ ಸಾಕು ಮೇಡಂ. ಯಾರ ಕೈ ಆದ್ರೇನು?”

ತನ್ನ ಮಾತಿಗೆ ತಾನೇ ಹಿಗ್ಗಿದಳು. ಹೊರಗೆ ಬಂದು ಅದನ್ನೇ ಹೇಳಿ ಎಲ್ಲರನ್ನೂ ನಗಿಸಿದಳು. ಮುಂದಿನ ಸರದಿ ಎಡಚಿಯದು. ಎದ್ದು ಒಳಗೆ ಹೋದಳು.

ಕೆಲವು ವಾರಗಳ ಮೇಲೆ ಫಲಿತಾಂಶ ಬಂತು. ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು: ಎರಡು ಕಂಬ ಸೂರು ಮುಟ್ಟುವ ಹಾಗೆ, ಜೊತೆಯವರ ಲೆಕ್ಕದ ಮೂರನೆಯದು ಮೊಣಕಾಲಷ್ಟು. ಮ್ಯಾನೇಜರ್ ಹಿರಿಹಿರಿ ಹಿಗ್ಗಿದ. “ನಿಮಗೆ ಕೆಲಸ ಮುಖ್ಯ, ಜೊತೆ ಯಾರಾದ್ರೂ ಸರಿ. ಬಹಳ ಸಂತೋಷ. ಇನ್ಮೇಲೆ ಜೋಡಿಗಳನ್ನ ಕಚೇರಿಯಿಂದಲೇ ಹಾಕ್ತೀವಿ, ದಿನಾ ಬದಲಾಗುತ್ತೆ.”

“ಸರ್” ಎಂದು ಅಳತೆ ಮೇಡಂ ತಡೆದಳು, “ಇದರಲ್ಲಿ ಒಬ್ಬರು ಮಾತ್ರ ಜೊತೆಯವರ ಮಾತಿಗೆಲ್ಲ ಏಳು ಹೇಳಿದ್ದಾರೆ. ಯಾರು ಅಂತ ಹೇಳೋ ಹಾಗಿಲ್ಲ. ಇನ್ನೊಂದ್ಸಲ ಕೇಳಿ ನೋಡೋದು ಒಳ್ಳೇದು.”

“ಒಬ್ರು ತಾನೇ? ಪ್ರಶ್ನೆ ಅರ್ಥ ಆಗಿರಲ್ಲ ಬಿಡಿ.”

ಕೋಣೆಯೆಲ್ಲ ನಕ್ಕಿತು. ದೊಡ್ಡಕ್ಕನೂ ನಕ್ಕಳು. ನಗುತ್ತಲೇ ತಿರುಗಿ ನೋಡಿದರೆ ಎಡಚಿ ತಲೆ ತಗ್ಗಿಸಿ ಬಲಗೈಯನ್ನು ಎಡಗೈಯಿಂದ ಉಜ್ಜುತ್ತಿದ್ದಳು. ಏಳು ಎಂದವಳು ಯಾರೆಂದು ದೊಡ್ಡಕ್ಕನಿಗೆ ತಿಳಿಯಿತು. ಆಗಲೇ ಎದ್ದು ನಿಂತು, ನಾವೆಲ್ಲ ಸುಳ್ಳು ಹೇಳಿದ್ವಿ ಅನ್ನಬಹುದಿತ್ತು. ಗೇಟಿನ ಮುಂದೆ ಪೊಲೀಸರಿಗೆ ಹೆದರದವಳು, ತನ್ನ ಜಾಣತನ ಬಯಲಾಗುತ್ತದೆಂದು ಹೆದರಿ ಕೂತಳು.

ಹೊಸ ಜೋಡಿಯಲ್ಲಿ ಎಡಚಿಯ ಎದುರು ಬಂದವಳು ಗಟ್ಟಿಮುಟ್ಟಾದ ಹೊಸಬಳು. ಅವಳದ್ದೇನೂ ತಪ್ಪಿಲ್ಲ, ಎಲ್ಲರ ಹಾಗೆ ಎಳೆದಳು. ಮೂಲೆ ಜಾರಿತು, ಒಗೆದ ಶೀಟು ಒದ್ದೆ ನೆಲಕ್ಕೆ ಬಿತ್ತು. ಇನ್ನೊಂದು ಬಿತ್ತು. ಮತ್ತೊಂದೂ ಬಿತ್ತು. ಸೂಪರ್‌ವೈಸರ್ ಬಂದು, “ಎಲ್ಲಿ, ಕೈ ತೋರ್ಸಮ್ಮ” ಎಂದ. ಎಡಚಿ ತೋರಿಸಿದಳು. ಡಾಕ್ಟರು ಸರಿ ಅಂದ ಮೇಲೆ ಬಾ ಎಂದು ಮನೆಗೆ ಕಳಿಸಿದರು. ಹಾಗೆಂದರೆ ಬರಬೇಡ ಎಂದರ್ಥ.

ದೊಡ್ಡಕ್ಕ ಕೈಯಲ್ಲಿದ್ದ ಶೀಟು ಅಲ್ಲೇ ಬಿಸಾಕಿ ಮೆಟ್ಟಿಲು ಹತ್ತಿದಳು. “ಸರ್, ಆ ಉತ್ತರ ಸುಳ್ಳು. ನಾನೇ ಹೇಳಿಸಿದ್ದು. ಅವಳನ್ನ ನನ್ನೆದುರು ನಿಲ್ಲಿಸಿ, ಒಂದು ಶೀಟೂ ಬೀಳಲ್ಲ.”

“ಅವತ್ತು ಸುಳ್ಳು ಹೇಳಿದ್ರೋ, ಇವತ್ತು ಹೇಳ್ತಿದ್ದೀರೋ?” ಮ್ಯಾನೇಜರ್ ದನಿ ಕೂಡ ಏರಿಸಲಿಲ್ಲ. ಮರುದಿನ ಕೋಣೆಗೆ ಕೋಣೆಯೇ ಮೇಲೆ ಹತ್ತಿತು. ಏನೂ ಗಿಟ್ಟಲಿಲ್ಲ. ಕೈಯ ಬಗ್ಗೆ ಒಂದು ಸುಳ್ಳು, ಜೊತೆಯ ಬಗ್ಗೆ ಇನ್ನೊಂದು. ಅವೆರಡರ ಮೇಲೆ ನಿಂತು ನ್ಯಾಯ ಕೇಳಿದರೆ ಕಾಲಡಿ ಗಟ್ಟಿ ಇರುವುದಿಲ್ಲ.

ಎಡಚಿಯ ಮನೆಗೆ ಹೋದಾಗ ಅವಳು ಬಾಗಿಲಲ್ಲಿ ಕೂತು ತಮ್ಮನ ಮಗಳ ತಲೆ ಬಾಚುತ್ತಿದ್ದಳು.

“ನಿನ್ನ ಉಳಿಸೋಕೆ ಮಾಡಿದ್ದು ಕಣೇ.”

“ಗೊತ್ತಕ್ಕಾ.”

“ಮತ್ತೆ ನೀನ್ಯಾಕೆ ಏಳು ಅಂದೆ? ಅಷ್ಟು ಹೇಳಿದ್ರೂ?”

ಬಾಚಣಿಗೆ ನಿಂತಿತು. “ಜೊತೆಯವರು ನಿನಗೆ ಏನಾಗ್ಬೇಕು ಅಂತ ನನ್ನನ್ನ ಯಾರೂ ಕೇಳೇ ಇರ್ಲಿಲ್ಲ. ಸುಳ್ಳು ಬಾಯಿಗೆ ಬರ್ಲಿಲ್ಲ. ನೀನೂ ಒಳಗೆ ಏಳು ಅಂತಾನೇ ಅಂದಿರ್ತೀಯ ಅಂದ್ಕೊಂಡೆ. ಹೊರಗೆ ಬಂದು ಹೇಳಿದ್ದು ನಗಿಸೋಕೆ ಅಂದ್ಕೊಂಡೆ.”

ಒಳಗೂ ಒಂದು ಎಂದೇ ಅಂದಿದ್ದೆ ಎನ್ನದೆ ದೊಡ್ಡಕ್ಕ ಮಗುವಿನ ರಿಬ್ಬನ್ ಸುತ್ತತೊಡಗಿದಳು. ಮಗು ತಲೆ ನೋಯುತ್ತದೆಂದು ರಾಗ ಎಳೆಯಿತು, ಎಡಚಿ ಮತ್ತೆ ಬಾಚತೊಡಗಿದಳು.

ದೊಡ್ಡಕ್ಕ ಈಗಲೂ ಶೀಟು ಮಡಚುತ್ತಾಳೆ. ಎಳೆಯುವಾಗ ಕೈ ತಾನಾಗಿ ಸಡಿಲವಾಗುತ್ತದೆ. ಎದುರಿಗಿದ್ದವಳು ಬೈಯುತ್ತಾಳೆ: “ಜೋರಾಗಿ ಎಳೀರಿ ಅಕ್ಕಾ, ಸುಕ್ಕು ಹಾಗೇ ಇದೆ.” ಯಾರ ಕೈ ಆದರೇನು ಎಂದವಳು ದೊಡ್ಡಕ್ಕನೇ. ಯಾರ ಮೇಲೆ ರೇಗುವುದು?

ನಿಮ್ಮ ಕೈಕೆಳಗೂ ಜನ ದುಡಿಯುತ್ತಿರಬಹುದು. ಅವರ ಮನಸ್ಸನ್ನು ಅಳೆಯುವ ಆಸೆ ನಿಮಗೂ ಬರಬಹುದು. ಅಳೆಯಿರಿ. ಆದರೆ ನಿಜ ಹೇಳಿದವರ ಅನ್ನಕ್ಕೆ ಕುತ್ತು ಬರುವುದಿಲ್ಲವೆಂದು ಮೊದಲು ಬರೆದು ಸಹಿ ಹಾಕಿ ಅವರ ಕೈಗೆ ಕೊಡಿ. ಅಳತೆ ಬಂದ ಮೇಲೆ ಏನನ್ನು ಬದಲಿಸಬೇಕು, ಏನನ್ನು ಮುಟ್ಟಬಾರದು ಎಂಬುದನ್ನು ಅವರೇ ತೀರ್ಮಾನಿಸಲಿ. ಅಷ್ಟು ಮಾಡಲು ನಿಮ್ಮಿಂದಾಗದಿದ್ದರೆ ಅವರನ್ನು ಏನೂ ಕೇಳಲೇ ಬೇಡಿ.